ತೆರೆದ ಗುಚ್ಛದ ತಾರೆಗಳ ತ್ರಿಜ್ಯವೇಗ: ಅರ್ಧ ಕಿಲೋಮೀಟರು ಎಲ್ಲೆಲ್ಲಿ ಸೋರಿಹೋಗುತ್ತದೆ?

ಬರಿಗಣ್ಣಿಗೆ ರೋಹಿಣಿ ನಕ್ಷತ್ರ ಹಯಾಡಿಸ್ ಎಂಬ ತೆರೆದ ಗುಚ್ಛದೊಳಗೇ (ಒಟ್ಟಿಗೆ ಹುಟ್ಟಿ ಒಟ್ಟಿಗೆ ಸಾಗುವ ತಾರೆಗಳ ಸಡಿಲ ಗುಂಪು) ಕೂತ ಹಾಗೆ ಕಾಣುತ್ತದೆ. ರೋಹಿತ, ಅಂದರೆ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿದ ಪಟ್ಟಿ, ತೆಗೆದು ನೋಡಿದರೆ ಕಥೆ ಬೇರೆ. ಗುಚ್ಛದ ತಾರೆಗಳು ಸೆಕೆಂಡಿಗೆ ಸುಮಾರು 39 ಕಿ.ಮೀ. ವೇಗದಲ್ಲಿ ನಮ್ಮಿಂದ ದೂರ ಸರಿಯುತ್ತಿವೆ, ರೋಹಿಣಿಯದು 54. ನಮ್ಮ ಕಡೆಗೋ ನಮ್ಮಿಂದ ಆಚೆಗೋ ಸಾಗುವ ಈ ವೇಗವೇ ತ್ರಿಜ್ಯವೇಗ. ದೂರ ನೋಡಿದರೆ ಖಾತ್ರಿಯೇ ಆಗುತ್ತದೆ: ರೋಹಿಣಿ ಸುಮಾರು 65 ಜ್ಯೋತಿರ್ವರ್ಷ, ಗುಚ್ಛ 150ರ ಆಸುಪಾಸು. ಹದಿನೈದು ಕಿ.ಮೀ. ವ್ಯತ್ಯಾಸ ಹಿಡಿಯುವುದು ದೊಡ್ಡ ಕೆಲಸವಲ್ಲ. ಗುಚ್ಛದೊಳಗೆ ತಾರೆಗಳ ವೇಗ ಒಂದರಿಂದೊಂದಕ್ಕೆ ಬೇರೆಯಾಗುವುದು ಸಾಮಾನ್ಯವಾಗಿ 1 ಕಿ.ಮೀ.ಗಿಂತ ಕಡಿಮೆ, ಕಷ್ಟ ಶುರುವಾಗುವುದು ಅಲ್ಲಿ. (ಮುಂದೆ ವೇಗದ ಮಾತಿನಲ್ಲಿ ಕಿ.ಮೀ. ಎಂದರೆ ಸೆಕೆಂಡಿಗೆ ಎಂದೇ ಓದಿಕೊಳ್ಳಿ.)

ತಾರೆಯ ವೇಗಕ್ಕೆ ತಕ್ಕಂತೆ ರೋಹಿತದ ರೇಖೆಗಳು ಜಾಗ ಬಿಟ್ಟು ಸರಿಯುತ್ತವೆ, ವೇಗ ತಿಳಿಯುವುದು ಆ ಪಲ್ಲಟದಿಂದಲೇ. 5200 ಆಂಗ್‌ಸ್ಟ್ರಮ್ (ತರಂಗಾಂತರದ ಅಳತೆ) ಸುತ್ತ 1 ಕಿ.ಮೀ. ಎಂದರೆ 0.017 ಆಂಗ್‌ಸ್ಟ್ರಮ್ ಪಲ್ಲಟ. ಪೃಥಕ್ಕರಣ (ಹತ್ತಿರದ ತರಂಗಾಂತರಗಳನ್ನು ಬೇರೆಯಾಗಿ ತೋರಿಸುವ ಶಕ್ತಿ) 20,000 ಇರುವ ರೋಹಿತದರ್ಶಕದಲ್ಲಿ ಒಂದು ರೇಖೆಯ ಅಗಲವೇ 15 ಕಿ.ಮೀ., ಒಂದು ಪಿಕ್ಸೆಲ್ ಸುಮಾರು 6. ಅಂದರೆ ಅರ್ಧ ಕಿ.ಮೀ. ಬೇಕಾದರೆ ಪಿಕ್ಸೆಲ್ಲಿನ ಹನ್ನೆರಡನೇ ಒಂದು ಭಾಗ ಹಿಡಿಯಬೇಕು. ಒಂದು ರೇಖೆಯಿಂದ ಇದು ಆಗುವುದಿಲ್ಲ. ಜಿ ಅಥವಾ ಕೆ ವರ್ಗದ (ಸೂರ್ಯನಂಥ ಅಥವಾ ಅದಕ್ಕಿಂತ ತಂಪಾದ) ತಾರೆಯಾದರೆ ನೂರಾರು ಲೋಹದ ರೇಖೆಗಳಿರುತ್ತವೆ. ಎಲ್ಲವನ್ನೂ ಒಂದು ಮಾದರಿ ರೋಹಿತದ ಜೊತೆ ಅಡ್ಡ-ಸಹಸಂಬಂಧ ಮಾಡಿದರೆ (ಒಂದರ ಮೇಲೊಂದನ್ನು ಸರಿಸುತ್ತ ಎಲ್ಲಿ ಹೆಚ್ಚು ಹೊಂದುತ್ತದೆ ಎಂದು ನೋಡುವುದು; ಹೊಂದಿಕೆ ಅತಿ ಹೆಚ್ಚಿರುವ ಜಾಗವೇ ಶಿಖರ) ಪಿಕ್ಸೆಲ್‌ಗೆ 20-30ರ ಸಂಕೇತ-ಗದ್ದಲ ಅನುಪಾತದಲ್ಲೂ ಕೆಲಸ ನಡೆಯುತ್ತದೆ. ಮಾದರಿ ಅದೇ ವರ್ಗದ್ದಾಗಿರಲಿ. ಹೈಡ್ರೋಜನ್ನಿನ ಅಗಲ ರೇಖೆಗಳನ್ನು ಲೆಕ್ಕದಿಂದ ಹೊರಗಿಡಿ, ಅವು ಶಿಖರವನ್ನು ಮೊಂಡು ಮಾಡುತ್ತವೆ.

ತರಂಗಾಂತರದ ಅಳತೆಗೋಲು ಥೋರಿಯಂ-ಆರ್ಗಾನ್ ದೀಪ, ಅದರ ರೇಖೆಗಳ ತರಂಗಾಂತರ ಮೊದಲೇ ಗೊತ್ತು. ತಾರೆಯ ಎಕ್ಸ್‌ಪೋಷರ್‌ಗೆ ಮುಂಚೆ ಒಂದು, ಮುಗಿದ ಮೇಲೆ ಒಂದು ತೆಗೆಯಿರಿ. ಉಷ್ಣತೆ ಬದಲಾದಂತೆ ರೋಹಿತ ಕ್ಯಾಮೆರಾದ ಚಿಪ್ ಮೇಲೆ ಮೆಲ್ಲಗೆ ಜಾರುತ್ತದೆ. ಎರಡು ದೀಪಗಳ ನಡುವೆ ಎಷ್ಟು ಜಾರಿದೆ ಎಂದು ಗೊತ್ತಿದ್ದರೆ ಸರಿಪಡಿಸಬಹುದು, ಸಂಜೆಯ ಒಂದೇ ದೀಪ ನೆಚ್ಚಿಕೊಂಡರೆ ಆಗದು. ಬಹುತಂತು ಉಪಕರಣದಲ್ಲಿ (ಹಲವು ತಾರೆಗಳ ಬೆಳಕನ್ನು ಒಂದೊಂದು ಗಾಜಿನ ತಂತು ಅಥವಾ ಫೈಬರ್ ಮೂಲಕ ಒಮ್ಮೆಗೇ ತರುವಂಥದ್ದು) ಇನ್ನೊಂದು ತೊಡಕು: ಪ್ರತಿ ಫೈಬರ್‌ಗೂ ತನ್ನದೇ ಶೂನ್ಯದೋಷ. ಮುಸ್ಸಂಜೆಯ ಆಕಾಶವನ್ನು ಎಲ್ಲ ಫೈಬರ್‌ಗಳಿಂದಲೂ ತೆಗೆಯಿರಿ. ಅದು ಸೂರ್ಯನ ರೋಹಿತವೇ, ವೇಗ ಮೊದಲೇ ಗೊತ್ತು; ಯಾವ ಫೈಬರ್ ಎಷ್ಟು ಸುಳ್ಳು ಹೇಳುತ್ತಿದೆ ಎಂದು ತಿಳಿಯುತ್ತದೆ. ಕೆಂಪು ಭಾಗ ದಾಖಲಾಗಿದ್ದರೆ 6867 ಆಂಗ್‌ಸ್ಟ್ರಮ್‌ನಿಂದ ಶುರುವಾಗುವ ವಾತಾವರಣದ ಆಮ್ಲಜನಕದ ರೇಖೆಗಳಿಂದಲೂ ತಾಳೆ ನೋಡಬಹುದು.

ಇನ್ನು ಭೂಮಿಯ ಚಲನೆ. ಎಂ67 ಎಂಬ ತೆರೆದ ಗುಚ್ಛ ಕ್ರಾಂತಿವೃತ್ತಕ್ಕೆ (ಆಕಾಶದಲ್ಲಿ ಸೂರ್ಯ ಸಾಗುವ ಹಾದಿ) ಹತ್ತಿರ, ಅದರ ನಿಜವಾದ ವೇಗ ಸುಮಾರು 34 ಕಿ.ಮೀ. ನವೆಂಬರ್ ಮೊದಲ ವಾರ ಭೂಮಿ ಅದರ ಕಡೆಗೇ ಧಾವಿಸುತ್ತಿರುವುದರಿಂದ ಅಳತೆಗೆ ಸಿಗುವುದು ಬರೀ 4. ಏಪ್ರಿಲ್ ಕೊನೆಗೆ ಅದೇ ತಾರೆ 63 ಎನ್ನುತ್ತದೆ. ಭೂಮಿಯ ಚಲನೆಯ ಪಾಲನ್ನು ತೆಗೆಯುವ ತಿದ್ದುಪಡಿಯ ಚಿಹ್ನೆ (ಧನ, ಋಣ) ತಲೆಕೆಳಗಾದರೆ ಆ ಅಂತರ ಇಮ್ಮಡಿಯಾಗುತ್ತದೆ, ಹಾಗಾಗಿ ಕೂಡಲೇ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ತಪ್ಪುಗಳೇ ಅಪಾಯ. ದಿನಾಂಕ ಒಂದು ದಿನ ಆಚೀಚೆಯಾದರೆ ಅರ್ಧ ಕಿ.ಮೀ. ತನಕ ಹೋಯಿತು. ವೀಕ್ಷಣಾಲಯದ ರೇಖಾಂಶದಲ್ಲಿ ಪೂರ್ವಕ್ಕೆ ಧನವೋ ಋಣವೋ ಎಂಬ ಗೊಂದಲವಾದರೆ ಭೂಮಿಯ ಸ್ವಭ್ರಮಣೆಯ ಪಾಲು ಕೆಡುತ್ತದೆ. ಸಮಭಾಜಕದ ಹತ್ತಿರ ಅದು 0.9 ಕಿ.ಮೀ.ವರೆಗೂ ಹೋಗಬಹುದು. ಸಮಯ ಎಕ್ಸ್‌ಪೋಷರ್‌ನ ನಡುವಿನದಿರಲಿ, ಶುರುವಿನದಲ್ಲ. ತಂತ್ರಾಂಶ ಒಮ್ಮೆ ತಿದ್ದಿದ್ದನ್ನು ನೀವು ಮತ್ತೆ ತಿದ್ದುತ್ತಿಲ್ಲವಷ್ಟೇ?

ಬೆಳದಿಂಗಳ ವಿಷಯಕ್ಕೆ ಜನ ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ಆಕಾಶದಲ್ಲಿ ಚೆದುರಿದ ಚಂದ್ರನ ಬೆಳಕೂ ಸೂರ್ಯನದೇ ರೋಹಿತ, ತಿದ್ದುಪಡಿಗೆ ಮುಂಚೆ ಅದರ ವೇಗ ಸೊನ್ನೆಯ ಆಸುಪಾಸು. ಏಪ್ರಿಲ್‌ನಲ್ಲಿ ತಾರೆಯ ಶಿಖರ 63ರಲ್ಲಿ, ಚಂದ್ರನದು 0ಯಲ್ಲಿ, ಎರಡೂ ಬೇರೆಬೇರೆ ನಿಲ್ಲುತ್ತವೆ. ನವೆಂಬರ್‌ನಲ್ಲಿ 4 ಮತ್ತು 0! ರೇಖೆಯ ಅಗಲವೇ 15 ಇರುವಾಗ ಎರಡೂ ಒಂದರೊಳಗೊಂದು ಕರಗಿ, ಮಸುಕು ತಾರೆಗಳ ವೇಗ ಸದ್ದಿಲ್ಲದೆ ಕೆಳಗಿಳಿಯುತ್ತದೆ. ದೋಷದ ಅಂದಾಜು ಮಾತ್ರ ಚೆನ್ನಾಗಿಯೇ ಕಾಣುತ್ತಿರುತ್ತದೆ. ಒಂದಷ್ಟು ಫೈಬರ್‌ಗಳನ್ನು ಖಾಲಿ ಆಕಾಶಕ್ಕೆ ಮೀಸಲಿಟ್ಟು ಅದನ್ನು ಕಳೆಯಲೇಬೇಕು. ಮಸುಕಿನವನ್ನು ಅಮಾವಾಸ್ಯೆಯ ಕಡೆಗೆ ಇಟ್ಟುಕೊಳ್ಳುವುದು ಇನ್ನೂ ಮೇಲು.

ಕೃತ್ತಿಕೆಯಂಥ ಎಳೆಯ ಗುಚ್ಛದ ಪ್ರಕಾಶಮಾನ ಬಿ ವರ್ಗದ (ತುಂಬ ಬಿಸಿಯಾದ) ತಾರೆಗಳ ಮೇಲೆ ಹೆಚ್ಚು ಹೊತ್ತು ಕಳೆಯಬೇಡಿ. ಸೆಕೆಂಡಿಗೆ 200 ಕಿ.ಮೀ. ತಿರುಗುವ ತಾರೆಯಲ್ಲಿ ರೇಖೆಗಳು ಕಡಿಮೆ, ಇದ್ದವೂ ಹರಡಿ ತೆಳುವಾಗಿರುತ್ತವೆ. ಅಲ್ಲಿ ಎಫ್, ಜಿ, ಕೆ ಕುಬ್ಜಗಳೇ ನಂಬಿಕೆಗೆ ಅರ್ಹ.

ಇಷ್ಟೆಲ್ಲ ಸರಿಯಾದರೂ ಒಂದೇ ರಾತ್ರಿಯ ವೇಗ ನೋಡಿ ತಾರೆಯೊಂದನ್ನು ಗುಚ್ಛದಿಂದ ಹೊರಹಾಕುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣ ಜೋಡಿ ತಾರೆಗಳು. ಸಂಗಾತಿಯ ಸುತ್ತ ತಿರುಗುವ ತಾರೆ ಒಂದು ದಿನ ಗುಚ್ಛದ ಸರಾಸರಿಗಿಂತ 20 ಕಿ.ಮೀ. ಆಚೆ ಇರಬಹುದು, ಇನ್ನೊಂದು ದಿನ ಸರಾಸರಿಯ ಮೇಲೇ ಕೂತಿರಬಹುದು. ಕನಿಷ್ಠ ಮೂರು ಸಲ ಅಳೆಯಿರಿ: ಎರಡು ಕೆಲವು ವಾರಗಳ ಅಂತರದಲ್ಲಿ, ಮೂರನೆಯದು ವರ್ಷ ಕಳೆದ ಮೇಲೆ. ಅಮೆರಿಕದ ಕಿಟ್ ಪೀಕ್ ವೀಕ್ಷಣಾಲಯದ 3.5 ಮೀಟರ್ ವಿನ್ ದೂರದರ್ಶಕದಲ್ಲಿ ತೆರೆದ ಗುಚ್ಛಗಳನ್ನು ದೀರ್ಘಕಾಲ ಅಳೆದ ತಂಡದವರು ಅಳತೆಗಳ ಹರಡಿಕೆ ಉಪಕರಣದ ದೋಷಕ್ಕಿಂತ 4 ಪಟ್ಟು ದಾಟಿದರೆ ವೇಗ ಬದಲಾಗುತ್ತಿದೆ ಎಂದು ಗುರುತು ಹಾಕುತ್ತಾರೆ; ಅವರ ದೋಷ ಸುಮಾರು 0.4 ಕಿ.ಮೀ. ಈ ಗಡಿ ಒಳ್ಳೆಯದೇ. ಗಡಿಯ ಕೆಳಗೂ ಜೋಡಿಗಳು ಉಳಿದುಕೊಳ್ಳುತ್ತವೆ, ಮುಖ್ಯವಾಗಿ ದೀರ್ಘ ಅವಧಿಯವು. ಅವನ್ನು ಲೆಕ್ಕಕ್ಕೆ ಹಿಡಿಯದೆ ಗುಚ್ಛದ ವೇಗದ ಹರಡಿಕೆ ತೆಗೆದರೆ, ಅದರಿಂದ ಲೆಕ್ಕ ಹಾಕುವ ಗುಚ್ಛದ ದ್ರವ್ಯರಾಶಿಯೂ ಉಬ್ಬಿರುತ್ತದೆ. ಸರಿಸಮ ಪ್ರಕಾಶದ ಜೋಡಿಯಲ್ಲಿ ಎರಡು ಶಿಖರ ಬೆಸೆದುಕೊಂಡಾಗ ಸರಾಸರಿ ಗುಚ್ಛದ ವೇಗಕ್ಕೆ ಸರಿಯಾಗಿ ಹೊಂದುತ್ತದೆ. ಆಗ ಗುಟ್ಟು ಬಿಟ್ಟುಕೊಡುವುದು ಶಿಖರದ ಅಗಲವೊಂದೇ, ಆದ್ದರಿಂದ ವೇಗದ ಪಕ್ಕದಲ್ಲಿ ಅಗಲವನ್ನೂ ಬರೆದಿಡಿ. ತಿದ್ದುವ ಮುಂಚಿನ ವೇಗ, ಹಾಕಿದ ತಿದ್ದುಪಡಿ, ನಡುವಿನ ಸಮಯ ಇವಕ್ಕೂ ಒಂದೊಂದು ಕಾಲಂ ಇರಲಿ. ಮುಂದೆ ಯಾರಾದರೂ ಕಕ್ಷೆ ಬಿಡಿಸಲು ಕೂತಾಗ ಬೇಕಾಗುವುದು ಇವೇ.