ಧಾರೆ ಮುಗಿದ ಮೇಲಿನ ಕೆಲಸ

ಅಂತರಪಟ ಸರಿದು ವಧೂವರರು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕುವ ಹೊತ್ತು ಹೆಚ್ಚೆಂದರೆ ಹತ್ತು ಸೆಕೆಂಡು. ಆ ಹತ್ತು ಸೆಕೆಂಡಿನಲ್ಲಿಯೇ ವಾದ್ಯದ ಸದ್ದು ಏರುತ್ತದೆ, ಅಕ್ಷತೆ ಹಾರುತ್ತದೆ, ಯಾರದೋ ಸೋದರಮಾವನ ಮೊಣಕೈ ಲೆನ್ಸಿಗೆ ಅಡ್ಡ ಬರುತ್ತದೆ, ಪುರೋಹಿತರು ಮಂತ್ರದ ನಡುವೆಯೇ ‘ಫೋಟೋದವರು ಸ್ವಲ್ಪ ಹಿಂದೆ ಸರಿಯಿರಿ’ ಎಂದು ಕೈಸನ್ನೆ ಮಾಡುತ್ತಾರೆ. ಸಾಗರದ ಸುತ್ತಮುತ್ತಲಿನ ಮದುವೆ, ಉಪನಯನಗಳ ಚಿತ್ರ ತೆಗೆಯುವುದೇ ನನ್ನ ಜೀವನೋಪಾಯ. ಆ ಹೊತ್ತಿನಲ್ಲಿ ನಾನು ಕೆಟ್ಟದಾಗಿ ಎಡವಿದ್ದು ಅವಸರದಿಂದಲ್ಲ, ಅತಿಯಾದ ನಾಜೂಕಿನಿಂದ.

ಮಿರರ್‌ಲೆಸ್ ಕ್ಯಾಮೆರಾ ಕೊಂಡ ಮೊದಲ ವರ್ಷ ಅದರ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿಗೆ ಮರುಳಾಗಿದ್ದೆ. ಮಂತ್ರ ಹೇಳುವವರಿಗೆ ತೊಂದರೆಯಾಗದಂತೆ ಧಾರೆಯ ಹೊತ್ತಿನಲ್ಲಿ ಅದನ್ನೇ ಬಳಸಿದೆ. ಶಟರಿನ ವೇಗವನ್ನು ಸೆಕೆಂಡಿನ 1/500ಕ್ಕೆ ಇಟ್ಟಿದ್ದೆ. ಕಲ್ಯಾಣಮಂಟಪದ ವೇದಿಕೆಯ ತುಂಬ ಎಲ್‌ಇಡಿ ದೀಪಗಳಿದ್ದವು. ರಾತ್ರಿ ಕಂಪ್ಯೂಟರಿನಲ್ಲಿ ತೆರೆದು ನೋಡಿದಾಗ ವಧುವಿನ ಹಣೆಯ ಮೇಲೊಂದು, ವರನ ಎದೆಯ ಮೇಲೊಂದು, ಹೀಗೆ ಅಡ್ಡಡ್ಡ ಕಪ್ಪು ಪಟ್ಟೆಗಳು ಪ್ರತಿ ಚಿತ್ರದಲ್ಲೂ ಎದ್ದು ಕಾಣುತ್ತಿದ್ದವು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಅದಕ್ಕೆ ತಕ್ಕಂತೆ ಸಾಧಾರಣ ದೀಪಗಳು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ಇದು ತಿಳಿಯುವುದಿಲ್ಲ. ಎಲೆಕ್ಟ್ರಾನಿಕ್ ಶಟರ್ ಬಹುತೇಕ ಕ್ಯಾಮೆರಾಗಳಲ್ಲಿ ಸೆನ್ಸರನ್ನು ಮೇಲಿನಿಂದ ಕೆಳಗೆ ಸಾಲುಸಾಲಾಗಿ ಓದುವುದರಿಂದ, ದೀಪ ಬೆಳಗಿದಾಗ ಓದಿದ ಸಾಲು ಬೆಳ್ಳಗೂ ಮಂಕಾದಾಗ ಓದಿದ ಸಾಲು ಕಪ್ಪಗೂ ಬರುತ್ತದೆ. ಅಂದಿನಿಂದ ಮಂಟಪದೊಳಗೆ ಮೆಕ್ಯಾನಿಕಲ್ ಶಟರ್, ವೇಗ 1/100 ಅಥವಾ 1/50 ಎಂಬುದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದೇನೆ. ಆ ವೇಗದಲ್ಲಿ ದೀಪದ ಒಂದೋ ಎರಡೋ ಪೂರ್ಣ ಮಿಡಿತಗಳು ಪ್ರತಿ ಸಾಲಿಗೂ ಸಮನಾಗಿ ಸಿಗುತ್ತವೆ. ಕೈ ಅಲುಗಿ ಚಿತ್ರ ಸ್ವಲ್ಪ ಮಸುಕಾದರೂ ಪಟ್ಟೆಗಿಂತ ಅದು ವಾಸಿ. ಶಟರಿನ ಟಿಕ್ ಟಿಕ್ ಸದ್ದಿಗೆ ಇದುವರೆಗೆ ಯಾವ ಭಟ್ಟರೂ ಆಕ್ಷೇಪವೆತ್ತಿಲ್ಲ. ಅವರ ಆಕ್ಷೇಪವೆಲ್ಲ ನಾನು ಬೆನ್ನು ತಿರುಗಿಸಿ ನಿಲ್ಲುವುದಕ್ಕೆ.

ಮನೆಯಂಗಳದ ಮದುವೆಯದು ಬೇರೆಯೇ ಪರೀಕ್ಷೆ. ಅಡಿಕೆ ಸೋಗೆಯ ಚಪ್ಪರದ ಕೆಳಗೆ ಬೀಳುತ್ತಿದ್ದ ಬೆಳಕು ಚುಕ್ಕೆಚುಕ್ಕೆಯಾಗಿದ್ದರೂ ಅದರ ಬಣ್ಣ ಶುದ್ಧವಾಗಿತ್ತು. ಈಗ ಸೋಗೆಯ ಬದಲು ಹಸಿರು ಶೇಡ್‌ನೆಟ್ಟು, ಮಳೆಯ ಭಯವಿದ್ದರೆ ನೀಲಿ ತಾಡಪಾಲು. ಅದರಡಿ ಕುಳಿತವರ ಮುಖ ಹಸಿರಾಗಿಯೋ ನೀಲಿಯಾಗಿಯೋ ಕಾಣುತ್ತದೆ. ಇತ್ತ ಹೋಮಕುಂಡದ ಕಡೆಯಿಂದ ಕೆಂಪು ಬೆಳಕು ಗಲ್ಲದ ಕೆಳಗೆ ಬೀಳುತ್ತದೆ. ಬೂದುಬಣ್ಣದ ಕಾರ್ಡನ್ನು ಮುಖದ ಪಕ್ಕ ಹಿಡಿದು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವ ಹೊಂದಾಣಿಕೆ) ಸರಿಪಡಿಸಿದರೆ ಚಪ್ಪರದ ಬಣ್ಣವನ್ನು ತೆಗೆಯಬಹುದು, ಆದರೆ ಒಂದೇ ಮುಖದ ಮೇಲೆ ಎರಡು ಬಣ್ಣದ ಬೆಳಕು ಬಿದ್ದರೆ ಯಾವ ತಂತ್ರಾಂಶವೂ ಪೂರ್ತಿ ಸಹಾಯಕ್ಕೆ ಬಾರದು. ಆದ್ದರಿಂದ ಹಿಂದಿನ ದಿನವೇ ಹೋಗಿ, ಮಂಟಪದ ನೆತ್ತಿಯ ಮೇಲಷ್ಟೇ ತಾಡಪಾಲಿನ ಒಳಮೈಗೆ ಬಿಳಿ ಪಂಚೆಯನ್ನು ಬಿಗಿಯಲು ಮನೆಯವರನ್ನು ಕೇಳಿಕೊಳ್ಳುತ್ತೇನೆ. ನಾನು ಹೊತ್ತು ತಿರುಗುವ ಲೈಟುಗಳಿಗಿಂತ ಈ ಪಂಚೆ ಹೆಚ್ಚು ಉಪಕಾರ ಮಾಡಿದೆ. ಇನ್ನು ಕೆಂಪು ಧಾರೆಸೀರೆ: ಕ್ಯಾಮೆರಾದ ಒಟ್ಟು ಬೆಳಕಿನ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಎಲ್ಲವೂ ಸರಿಯಿದೆ ಎನ್ನುತ್ತಿರುವಾಗಲೇ ಕೆಂಪು ಬಣ್ಣದ ಚಾನಲ್ ತುಂಬಿ ಹರಿದು, ರೇಷ್ಮೆಯ ನೇಯ್ಗೆಯೆಲ್ಲ ಮಾಯವಾಗಿ ಸೀರೆ ಬಣ್ಣದ ಮುದ್ದೆಯಾಗಿರುತ್ತದೆ. ಕೆಂಪು, ಹಸಿರು, ನೀಲಿ ಈ ಮೂರು ಬಣ್ಣಗಳ ಹಿಸ್ಟೋಗ್ರಾಮನ್ನು ಬೇರೆಬೇರೆಯಾಗಿ ನೋಡುವ ಅಭ್ಯಾಸ ನನಗೆ ಬಂದದ್ದು ಹೀಗೆ ಒಂದೆರಡು ಸೀರೆಗಳನ್ನು ಕಳೆದುಕೊಂಡ ಮೇಲೆಯೇ.

ಕ್ಯಾಮೆರಾ ಕೊಳ್ಳುವ ಹುಡುಗರು ಬಂದು ಎಷ್ಟು ಮೆಗಾಪಿಕ್ಸೆಲ್ ಬೇಕು ಎಂದು ಕೇಳಿದರೆ ಲೆಕ್ಕ ಹಾಕಿ ತೋರಿಸುತ್ತೇನೆ. ನಮ್ಮ ಕಡೆಯ ಆಲ್ಬಮ್ಮಿನ ಹಾಳೆ ಬಿಚ್ಚಿದಾಗ ಸಾಮಾನ್ಯವಾಗಿ 12×36 ಇಂಚು. ಅದರ ಅರ್ಧ, ಅಂದರೆ 12×18 ಇಂಚಿನ ಒಂದು ಪುಟವನ್ನು ಇಂಚಿಗೆ 300 ಚುಕ್ಕೆಗಳಂತೆ ಮುದ್ರಿಸಲು 5400×3600 ಪಿಕ್ಸೆಲ್ ಸಾಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವುದೇ 6000×4000. ಅದಕ್ಕಿಂತ ಹೆಚ್ಚಿನದಕ್ಕೆ ಸುರಿಯುವ ಹಣವನ್ನು ಎರಡು ಮೆಮೊರಿ ಕಾರ್ಡ್ ಹಾಕಬಹುದಾದ ಕ್ಯಾಮೆರಾಕ್ಕೆ ಸುರಿಯಿರಿ ಎಂಬ ನನ್ನ ಮಾತು ಅವರಿಗೆ ಹಳೆಯ ಕಾಲದವನ ಗೊಣಗಾಟದಂತೆ ಕೇಳಿಸುತ್ತದೆ.

ಆ ಗೊಣಗಾಟದ ಹಿಂದೆ ಒಂದು ಉಪನಯನವಿದೆ. ಆಗ ನನ್ನ ಕ್ಯಾಮೆರಾದಲ್ಲಿ ಒಂದೇ ಕಾರ್ಡಿಗೆ ಜಾಗವಿತ್ತು. ವಟುವಿನ ಕ್ಷೌರ, ಮಾತೃಭೋಜನ, ಬ್ರಹ್ಮೋಪದೇಶ ಎಲ್ಲವೂ ಅದರಲ್ಲಿಯೇ. ಮಧ್ಯಾಹ್ನ ಊಟದ ಪಂಕ್ತಿಯ ಚಿತ್ರ ತೆಗೆಯುವಾಗ ಕಾರ್ಡನ್ನು ಓದಲಾಗುತ್ತಿಲ್ಲ ಎಂಬ ಸೂಚನೆ ತೆರೆಯ ಮೇಲೆ ಬಂತು. ಕ್ಯಾಮೆರಾ ಆರಿಸಿ ಮತ್ತೆ ಹಚ್ಚಿದೆ, ಕಾರ್ಡು ತೆಗೆದು ಹಾಕಿದೆ, ಫಾರ್ಮ್ಯಾಟ್ ಮಾಡಬೇಕೇ ಎಂದು ಅದು ಕೇಳಿದಾಗ ಮಾತ್ರ ಬೇಡವೆನ್ನುವಷ್ಟು ವಿವೇಕ ಉಳಿದಿತ್ತು. ಆ ಕಾರ್ಡಿನ ಮೇಲೆ ಆಮೇಲೆ ಒಂದು ಅಕ್ಷರವನ್ನೂ ಬರೆಯದೆ ಇಟ್ಟಿದ್ದರಿಂದ, ಮರುಗಳಿಕೆಯ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿದಾಗ ಸುಮಾರು ಅರ್ಧದಷ್ಟು ಚಿತ್ರಗಳು ಮರಳಿ ಬಂದವು. ಮಾತೃಭೋಜನದ್ದು ಒಂದೂ ಬರಲಿಲ್ಲ. ತಾಯಿಯ ಜೊತೆ ಒಂದೇ ಎಲೆಯಲ್ಲಿ ಮಾಣಿ ಉಂಡದ್ದನ್ನು ಇನ್ನೊಮ್ಮೆ ಮಾಡಿಸಿ ತೆಗೆಯಲು ಬರುವುದಿಲ್ಲವಲ್ಲ. ಮರುದಿನ ಹೋಗಿ, ಜಗಲಿಯಲ್ಲಿ ಕುಳಿತು, ನಡೆದದ್ದನ್ನು ಹೇಳಿದೆ. ಮಾಣಿಯ ಅಜ್ಜಿ ಕವಳದ (ಎಲೆಅಡಿಕೆಯ) ತಟ್ಟೆಯನ್ನು ನನ್ನತ್ತ ಸರಿಸಿ, ‘ಅಡ್ಡಿಲ್ಲೆ ತಮಾ, ಉಪನಯನ ಚೊಲೋ ಆತು, ಸಾಕು’ ಎಂದರು. ಆ ತಾಯಿ ಏನೂ ಹೇಳಲಿಲ್ಲ.

ಈಗ ಎರಡು ಕಾರ್ಡುಗಳಿಗೂ ಏಕಕಾಲದಲ್ಲಿ ಚಿತ್ರ ದಾಖಲಾಗುತ್ತದೆ. ಮನೆಗೆ ಎಷ್ಟೇ ತಡವಾಗಿ ಬಂದರೂ ಎರಡು ಬೇರೆಬೇರೆ ಡಿಸ್ಕಿಗೆ ನಕಲು ಮಾಡಿ, ಕಡತಗಳ ಸಂಖ್ಯೆಯನ್ನು ಹೋಲಿಸಿ ನೋಡಿದ ಮೇಲೆಯೇ ಮಲಗುತ್ತೇನೆ. ಒಂದು ಡಿಸ್ಕು ಸ್ಟುಡಿಯೋದಲ್ಲಿ, ಇನ್ನೊಂದು ಮರುದಿನ ನನ್ನ ಅಕ್ಕನ ಮನೆಯಲ್ಲಿ. ಸಿಡಿಲಿನ ಊರಿನಲ್ಲಿ ಎರಡೂ ಒಂದೇ ಸೂರಿನಡಿ ಇರಬಾರದು. ನಕಲು ಮಾಡುವಾಗಲೇ ದಿನಾಂಕ ಮತ್ತು ಮನೆಯ ಹೆಸರನ್ನು ಸೇರಿಸಿ ಎಲ್ಲ ಕಡತಗಳ ಹೆಸರು ಬದಲಿಸಿಬಿಡುತ್ತೇನೆ, ಏಕೆಂದರೆ ಕ್ಯಾಮೆರಾದ ಎಣಿಕೆ 9999 ಆದ ಮೇಲೆ ಮತ್ತೆ 0001ರಿಂದ ಆರಂಭವಾಗುತ್ತದೆ, ಮತ್ತು ಒಂದೇ ಹೆಸರಿನ ಎರಡು ಕಡತಗಳಲ್ಲಿ ಒಂದು ಇನ್ನೊಂದನ್ನು ನುಂಗುವುದಕ್ಕೆ ಒಂದು ಕ್ಷಣದ ನಿದ್ದೆಗಣ್ಣು ಸಾಕು. ಕೆಲಸಕ್ಕೆ ಹೊರಡುವ ಮುನ್ನ ನನ್ನ ಮತ್ತು ಸಹಾಯಕನ ಕ್ಯಾಮೆರಾಗಳ ಗಡಿಯಾರಗಳನ್ನು ಫೋನಿನ ಸಮಯಕ್ಕೆ ಹೊಂದಿಸುವುದೂ ಇಂಥದ್ದೇ ಚಿಕ್ಕ ಶಿಸ್ತು. ಏಳು ನಿಮಿಷದ ವ್ಯತ್ಯಾಸವಿದ್ದ ಒಂದು ಮದುವೆಯಲ್ಲಿ, ಸಮಯದ ಪ್ರಕಾರ ಜೋಡಿಸಿದಾಗ, ಮಾಂಗಲ್ಯಧಾರಣೆಯ ಮೊದಲೇ ಸಪ್ತಪದಿ ಮುಗಿದುಹೋಗಿತ್ತು.

ಮಳೆಗಾಲದಲ್ಲಿ ಲೆನ್ಸಿನೊಳಗೆ ಜೇಡರಬಲೆಯಂತೆ ಬೂಷ್ಟು ಹಬ್ಬುವುದು ಮಲೆನಾಡಿನವರಿಗೆ ಹೇಳಬೇಕಾದ ಸಂಗತಿಯಲ್ಲ. ಅಕ್ಕಿಯ ಡಬ್ಬಿಯಲ್ಲಿಡುವ ಉಪಾಯವನ್ನು ಯಾರೂ ಅನುಸರಿಸಬೇಡಿ, ಅದರ ಹಿಟ್ಟು ಲೆನ್ಸಿನ ಸಂದಿಗಳಿಗೆ ಸೇರುತ್ತದೆ. ತೇವಾಂಶವನ್ನು 40ರಿಂದ 50 ಶೇಕಡಾದೊಳಗೆ ಇಡುವ ಡ್ರೈ ಕ್ಯಾಬಿನೆಟ್ ಕೊಳ್ಳಿ. ಒಂದು ಒಳ್ಳೆಯ ಲೆನ್ಸಿನ ಬೆಲೆಗಿಂತ ಅದು ಬಹಳ ಕಡಿಮೆ.

ಆಷಾಢದಲ್ಲಿ ಮದುವೆಗಳಿಲ್ಲದಿರುವುದರಿಂದ ಚಿತ್ರಗಳನ್ನು ಆರಿಸುವ ಕೆಲಸ ಅಷ್ಟನ್ನೂ ಈಗಲೇ ಮುಗಿಸಬೇಕು. ಮೂರೂವರೆ ಸಾವಿರದಲ್ಲಿ ಆರುನೂರನ್ನು ನಾನು ಉಳಿಸುತ್ತೇನೆ. ಅದರಲ್ಲಿ ಆಲ್ಬಮ್ಮಿಗೆ ಬೇಕಾದ ನೂರಿಪ್ಪತ್ತನ್ನು ಮನೆಯವರು ಆರಿಸಬೇಕು. ಮೊದಲೆಲ್ಲ ಅವರು ಇಷ್ಟವಾದವನ್ನು ವಾಟ್ಸಾಪಿನಲ್ಲಿ ನನಗೇ ಮರಳಿ ಕಳಿಸುತ್ತಿದ್ದರು. ಹಾಗೆ ಬಂದ ಚಿತ್ರ ಕುಗ್ಗಿರುತ್ತದೆ, ಕಡತದ ಹೆಸರೂ ಅಳಿಸಿರುತ್ತದೆ; ಒಂದೊಂದರ ಮೂಲವನ್ನೂ ಕಣ್ಣಿನಿಂದಲೇ ಹುಡುಕಬೇಕು. ಈಗ ಪ್ರತಿ ಮಾದರಿ ಚಿತ್ರದ ಮೂಲೆಯಲ್ಲಿ ದೊಡ್ಡದಾಗಿ ಸಂಖ್ಯೆ ಮುದ್ರಿಸಿ ಕೊಡುತ್ತೇನೆ, ಸಂಖ್ಯೆಗಳನ್ನು ಕಾಗದದಲ್ಲಿ ಬರೆದು ಕೊಟ್ಟರೆ ಸಾಕು ಎನ್ನುತ್ತೇನೆ. ಬಹಳ ಮನೆಗಳಲ್ಲಿ ಈ ಚೀಟಿ ಅತ್ತೆಯ ಆಯ್ಕೆ, ಸೊಸೆಯ ಆಯ್ಕೆ ಎಂದು ಎರಡಾಗಿ ಬರುತ್ತದೆ, ಮತ್ತು ಸಮಾನವಾದ ಸಂಖ್ಯೆಗಳು ಇಪ್ಪತ್ತನ್ನು ದಾಟುವುದು ಅಪರೂಪ. ಎರಡು ವರ್ಷದ ಹಿಂದಿನ ಒಂದು ಮದುವೆಯ ಚೀಟಿ ಇನ್ನೂ ಬಂದಿಲ್ಲ. ಮೊನ್ನೆ ಆ ಮನೆಯಿಂದ ಫೋನ್ ಬಂತೆಂದು ಉತ್ಸಾಹದಿಂದ ಪೆನ್ನು ಹಿಡಿದು ಕುಳಿತರೆ, ಶ್ರಾವಣದಲ್ಲಿ ಮಗುವಿನ ನಾಮಕರಣವಿದೆ, ದಿನ ಬಿಡುವು ಮಾಡಿಕೊಳ್ಳಿ ಎಂದರು.