ಸೀಲ್ ಒಡೆಯದ ಕರಾಟೆಕಾ

ಹಳೆಯ ಗೇಮ್‌ಗಳ ಹರಾಜು ನೋಡುತ್ತಾ ಕೂತಾಗೆಲ್ಲ ನಾನು ಹುಡುಕುವುದು 'ಕರಾಟೆಕಾ'. 1984ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂದ ಆಟ. ಬರೆದ ಜೋರ್ಡನ್ ಮೆಕ್ನರ್ ಆಗಿನ್ನೂ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹುಡುಗ. ತನ್ನ ಕರಾಟೆ ಗುರುವನ್ನು ಸೂಪರ್ 8 ಎಂಬ ಪುಟ್ಟ ಫಿಲ್ಮ್ ಕ್ಯಾಮೆರಾದಲ್ಲಿ ಸೆರೆಹಿಡಿದು, ಒಂದೊಂದೇ ಫ್ರೇಮಿನ ಮೇಲೆ ಗೆರೆ ಎಳೆದು, ಆ ಒದೆತಗಳನ್ನು ಪರದೆಗೆ ತಂದ. ಸಂಗೀತ ಅವನ ಅಪ್ಪನದು. ಅಷ್ಟು ಚಿಕ್ಕ ಮೆಮೊರಿಯಲ್ಲಿ ಮನುಷ್ಯನ ನಡಿಗೆ ಅಷ್ಟು ಸಹಜವಾಗಿ ಬಂದಿದ್ದು ಇವತ್ತಿಗೂ ನನಗೆ ಬೆರಗು.

ಆಟದ ಕೊನೆಯಲ್ಲಿ, ನೀವು ಬಿಡಿಸಲು ಬಂದ ರಾಜಕುಮಾರಿ ಮಾರಿಕೊ ಹತ್ತಿರ ಹೊಡೆದಾಟದ ಭಂಗಿಯಲ್ಲೇ ಹೋದರೆ ಅವಳೇ ಒಂದೇ ಒದೆತಕ್ಕೆ ನಿಮ್ಮನ್ನು ಮುಗಿಸುತ್ತಾಳೆ! ಆಟದ ಫ್ಲಾಪಿ ಡಿಸ್ಕ್ ಮಗುಚಿ ಹಾಕಿದರೆ ಇಡೀ ಆಟ ತಲೆಕೆಳಗಾಗಿ ಓಡುತ್ತದೆ. ಇಂಥ ತುಂಟತನ ಆಡಿದವರಿಗೆ ಮಾತ್ರ ಸಿಗುವಂಥದ್ದು.

ಸಂಗ್ರಾಹಕರ ಲೆಕ್ಕ ಬೇರೆ. ಪೆಟ್ಟಿಗೆಯ ಮೂಲೆ ಮಡಚಿದೆಯಾ, ಕೈಪಿಡಿ ಇದೆಯಾ, ಪ್ಲಾಸ್ಟಿಕ್ ಹೊದಿಕೆ ಹರಿಯದೆ ಉಳಿದಿದೆಯಾ? 2021ರಲ್ಲಿ ಸೀಲ್ ಒಡೆಯದ 'ಸೂಪರ್ ಮಾರಿಯೊ 64' ಗೇಮಿನ ಒಂದು ಪ್ರತಿ ಹರಾಜಿನಲ್ಲಿ 15.6 ಲಕ್ಷ ಡಾಲರಿಗೆ ಹೋದ ಮೇಲಂತೂ ಈ ಲೆಕ್ಕ ಇನ್ನೂ ಬಿಗಿಯಾಗಿದೆ. ಆದರೆ ಫ್ಲಾಪಿಯ ಕಾಂತೀಯ ಪದರ ಕಾಲಕ್ರಮೇಣ ಸವೆಯುತ್ತದೆ. ಸೀಲ್ ಒಡೆಯದೆ ಒಳಗಿನ ಆಟ ಬದುಕಿದೆಯೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ.

ನನಗಂತೂ ಮೂಲೆ ಸವೆದ, ಯಾರೋ ಆಡಿ ಆಡಿ ಹಳತಾಗಿಸಿದ ಪ್ರತಿಯೇ ಬೇಕು. ಓಡುವಂಥದ್ದು ಯಾರ ಹತ್ತಿರವಾದರೂ ಇದ್ದರೆ ಹೇಳಿ.