ಅಜ್ಜನ ಲೆಕ್ಕದ ಪುಸ್ತಕದ ಸರ್ವರ್: ಹನ್ನೊಂದು ರಾತ್ರಿ, ಒಂದು ಅಂಡರ್‌ಸ್ಕೋರ್

ಸರ್ವರ್ ಒಂಬತ್ತು ದಿನದಿಂದ ಬಿದ್ದಿಲ್ಲ. ಒಂಬತ್ತು ದಿನ! ಹೋದ ತಿಂಗಳು ಇದೇ ಸರ್ವರ್ ದಿನಕ್ಕೆ ಮೂರು ಸಲ ಸಾಯ್ತಿತ್ತು, ಅದಕ್ಕೇ ನೆನಪು ಹಸಿಯಾಗಿರೋವಾಗ್ಲೇ ಎಲ್ಲ ಬರೆದಿಡ್ತಿದೀನಿ, ಇದೇ ಗುಂಡಿಲಿ ಬಿದ್ದು ಒದ್ದಾಡ್ತಿರೋರು ಇನ್ನೂ ಎಷ್ಟು ಜನ ಇದಾರೋ.

ಸೆಟಪ್ ಬಗ್ಗೆ ಎರಡೇ ಮಾತು. ತೀರ್ಥಹಳ್ಳಿ ಹತ್ರ ನಮ್ಮನೆ ಅಟ್ಟದಲ್ಲಿದ್ದ ಅಜ್ಜನ ಅಡಿಕೆ ಲೆಕ್ಕದ ಪುಸ್ತಕಗಳು, ಒಟ್ಟು 41, ಸುಮಾರು 6,200 ಪುಟ, ಎಲ್ಲ ಎ4 ಅಳತೆಗೆ 300 ಡಿಪಿಐ ಸ್ಕ್ಯಾನ್. ಯಾರಾದ್ರೂ ಪುಟ ತೆರೆದ್ರೆ ಫ್ಲಾಸ್ಕ್ (ಪೈಥಾನ್ ವೆಬ್ ಚೌಕಟ್ಟು) ಆಪ್ ಒಳಗೆ ಪಿಲ್ಲೋ ಅನ್ನೋ ಚಿತ್ರದ ಲೈಬ್ರರಿ ಅದನ್ನ ಅವರ ಫೋನಿನ ಅಳತೆಗೆ ಇಳಿಸಿ ಕೊಡುತ್ತೆ, ಝೂಮ್ ಮಾಡಿದ್ರೆ ಆ ತುಂಡನ್ನ ಮಾತ್ರ ಕತ್ತರಿಸಿ ಕೊಡುತ್ತೆ. ಮೊದಲೇ ಎಲ್ಲ ಸೈಜೂ ಮಾಡಿಟ್ಕೊಳ್ಳೋಕೆ ಡಿಸ್ಕಲ್ಲಿ ಜಾಗ ಇಲ್ಲ. ಮುಂದೆ ಆಪ್ ಓಡಿಸೋ ಗುನಿಕಾರ್ನ್ ವೆಬ್ ಸರ್ವರ್, ಒಂದು ವರ್ಕರ್ (ಪ್ರೋಸೆಸ್), ಅದರೊಳಗೆ ಒಟ್ಟಿಗೇ ಕೆಲಸ ಮಾಡೋ ಎಂಟು ಥ್ರೆಡ್, 2 ಕೋರ್ 1 ಜಿಬಿ ರ್‍ಯಾಮಿನ ಬಾಡಿಗೆ ವಿಪಿಎಸ್ (ವರ್ಚುವಲ್ ಸರ್ವರ್).

ದೀಪಾವಳಿ ಹೊತ್ತಿಗೆ ಲಿಂಕನ್ನ ಮನೆಯೋರ ವಾಟ್ಸಾಪ್ ಗ್ರೂಪಲ್ಲಿ ಹಾಕಿದೆ. ಮಸ್ಕತ್‌ನಲ್ಲಿರೋ ಅಕ್ಕ, ಶಿವಮೊಗ್ಗದ ಅತ್ತೆ, ಮೈಸೂರಿನ ಮಕ್ಕಳು ಎಲ್ಲ ಒಟ್ಟಿಗೇ ತೆರೆದ್ರು. ಅರ್ಧ ಗಂಟೇಲಿ ಚಿಕ್ಕಪ್ಪನ ಫೋನು: "ಎಂತ ಮಾರಾಯ, ಅಪ್ಪಯ್ಯನ ಪುಸ್ತಕ ತೆರೀತಾನೇ ಇಲ್ಲ!" ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡಿದ್ರೆ ಅದೂ ಒಳಗೆ ಬಿಡ್ತಿಲ್ಲ, ಒಂದೊಂದು ಅಕ್ಷರ ಮೂಡೋಕೂ ಹತ್ತು ಸೆಕೆಂಡು. ಕೊನೆಗೆ ಒಳಗೆ ಹೋಗಿ ನೋಡಿದ್ರೆ ಗುನಿಕಾರ್ನ್ ಲಾಗಲ್ಲಿ ವರ್ಕರಿಗೆ ಸಿಗ್‌ಕಿಲ್ (ತಕ್ಷಣ ಸಾಯಿಸೋ ಆದೇಶ) ಬಿದ್ದಿದೆ, ಬಹುಶಃ ಮೆಮೊರಿ ಮುಗಿದಿರಬೇಕು ಅಂತ ಸಾಲು, ಡಿಮೆಸೇಜಲ್ಲಿ (ಲಿನಕ್ಸ್ ಕರ್ನಲ್ಲಿನ ಲಾಗು) ಮೆಮೊರಿ ಮುಗಿದಾಗ ಪ್ರೋಸೆಸ್ ಕೊಲ್ಲೋ ಓಓಎಮ್ ಕಿಲ್ಲರ್ ಸಹಿ.

ಮೆಮೊರಿ ಲೀಕಿನ, ಅಂದ್ರೆ ತಗೊಂಡ ಮೆಮೊರಿನ ವಾಪಸ್ ಕೊಡದೇ ಇರೋದರ, ಮಾಮೂಲಿ ಆರೋಪಿಗಳನ್ನೆಲ್ಲ ಮೊದಲ ಎರಡು ರಾತ್ರೀಲಿ ವಿಚಾರಿಸಿ ಮುಗಿಸಿದೆ: ಮುಚ್ಚದೇ ಬಿಟ್ಟ ಫೈಲು, ಬೆಳೀತಾ ಹೋಗೋ ಗ್ಲೋಬಲ್ ಡಿಕ್ಷನರಿ, ಮೆಥಡ್ ಮೇಲೆ ಹಾಕಿದ ಎಲ್‌ಆರ್‌ಯು ಕ್ಯಾಶ್. ಕೊನೇದು ನಿಜವಾಗ್ಲೂ ಒಂದು ಕಡೆ ಇತ್ತು, ತೆಗೆದೆ, ಗ್ರಾಫು ಏನೂ ಬದಲಾಗ್ಲಿಲ್ಲ. ವಿಪಿಎಸ್ ಕೊಟ್ಟೋರಿಗೆ ಟಿಕೆಟ್ ಹಾಕಿ ಸ್ವಾಪ್ (ರ್‍ಯಾಮ್ ತುಂಬಿದಾಗ ಡಿಸ್ಕ್ ಬಳಸೋ ವ್ಯವಸ್ಥೆ) ಯಾಕೆ ಆಫ್ ಮಾಡಿ ಕೊಟ್ಟಿದೀರ ಅಂತ ಕೇಳಿದೆ. ಬಂದ ಉತ್ತರ, 2 ಜಿಬಿ ಪ್ಲಾನಿಗೆ ಹೋಗಿ ಅಂತ. ಮತ್ತೆ ಕೇಳಿದೆ, ಅದೇ ಉತ್ತರ, ಮೂರನೇ ಸಲಾನೂ ಅದೇ. ನನಗೆ ಸಿಟ್ಟು ಬಂದಿದ್ದು ದುಡ್ಡಿಗಲ್ಲ, ಎರಡು ಜಿಬಿ ಕೊಟ್ರೂ ಅದನ್ನೂ ತುಂಬಿಸಿಕೊಂಡೇ ಸಾಯುತ್ತೆ ಅಂತ ಗ್ರಾಫ್ ಸಮೇತ ಕಳಿಸಿದ್ರೂ ಯಾರೂ ಅದನ್ನ ಓದ್ಲಿಲ್ಲವಲ್ಲ ಅಂತ.

ಈಗ ಅಸಲಿ ಕಥೆ. ಟ್ರೇಸ್‌ಮ್ಯಾಲಕ್ (ಪೈಥಾನ್ ತಗೊಂಡ ಮೆಮೊರಿ ಎಣಿಸೋ ಟೂಲು) ಆನ್ ಮಾಡಿ 300 ಪುಟ ಎಳೆದೆ. ಆರ್‌ಎಸ್‌ಎಸ್ (ಪ್ರೋಸೆಸ್ ಹಿಡಿದಿರೋ ರ್‍ಯಾಮ್) 110 ಎಂಬಿಯಿಂದ 640ಕ್ಕೆ ಹೋಯ್ತು, ಟ್ರೇಸ್‌ಮ್ಯಾಲಕ್ ಮಾತ್ರ ಪೈಥಾನ್ ಹತ್ರ ಬರೀ 20 ಎಂಬಿ ಚಿಲ್ಲರೆ ಇದೆ ಅನ್ನುತ್ತೆ. ಸರಿ, ಪಿಲ್ಲೋ ಚಿತ್ರದ ಜಾಗನ ಸಿ ಕೋಡಲ್ಲಿ ನೇರ ಮ್ಯಾಲಕ್ (ಮೆಮೊರಿ ಕೇಳೋ ಫಂಕ್ಷನ್) ಮಾಡಿ ತಗೊಳ್ಳುತ್ತೆ, ಟ್ರೇಸ್‌ಮ್ಯಾಲಕ್‌ಗೆ ಅದು ಕಾಣಲ್ಲ, ಹಾಗಾದ್ರೆ ಪಿಲ್ಲೋನೇ ಲೀಕ್ ಮಾಡ್ತಿದೆ ಅಂದ್ಕೊಂಡು ಮೆಮ್‌ರೇಯನ್ನ (ಸಿ ಕೋಡು ತಗೊಂಡಿದ್ದನ್ನೂ ನೋಡೋ ಟೂಲು) ನೇಟಿವ್ ಮೋಡಲ್ಲಿ ಓಡಿಸಿದೆ. ಅದು ಹೇಳಿದ್ದು ಬೇರೆ: ತಗೊಂಡಿದ್ದೆಲ್ಲ ಫ್ರೀ ಆಗಿದೆ, ಲೀಕ್ ಇಲ್ಲ. ಇಲ್ಲಿ ನಾಲ್ಕು ರಾತ್ರಿ ಹೋಯ್ತು. ಎರಡು ಒಳ್ಳೇ ಟೂಲು ಲೀಕ್ ಇಲ್ಲ ಅಂತಿವೆ, ಕರ್ನಲ್ ಬಂದು ಕೊಲ್ತಾನೇ ಇದೆ.

ಏಳನೇ ರಾತ್ರಿ ಸುಮ್ನೆ ಪ್ರೋಸೆಸ್ಸಿನ ಮೆಮೊರಿ ನಕ್ಷೆ ತೋರಿಸೋ ಪೀಮ್ಯಾಪ್ ತೆಗೆದು ಸಾಲು ಸಾಲಾಗಿ ಓದ್ತಾ ಕೂತೆ. ಅಕ್ಕಪಕ್ಕದ ಎರಡೆರಡು ಅನಾಮಿಕ ತುಂಡು ಕೂಡಿದ್ರೆ ಪ್ರತೀ ಸಲ 65536 ಕೆಬಿ, ಅಂದ್ರೆ ಸರಿಯಾಗಿ 64 ಎಂಬಿ. ಅಂಥವು ಹನ್ನೊಂದು ಜೋಡಿ. ಇದನ್ನ ನೋಡಿದೋರಿಗೆ ಗೊತ್ತಿರುತ್ತೆ, ಇದು ಗ್ಲಿಬ್‌ಸಿಯ ಅರೀನಾ. ಗ್ಲಿಬ್‌ಸಿ ಅಂದ್ರೆ ಮ್ಯಾಲಕ್ ಇರೋ ಲಿನಕ್ಸಿನ ಸಿ ಲೈಬ್ರರಿ, ಅರೀನಾ ಅಂದ್ರೆ ಅದು ಮೆಮೊರಿ ಇಟ್ಕೊಳ್ಳೋ ಕಣಜ; ಥ್ರೆಡ್ಡುಗಳು ಒಂದೇ ಬೀಗಕ್ಕೆ ಕಾಯೋದು ಬೇಡ ಅಂತ ಬೇರೆ ಬೇರೆ ಅರೀನಾ ಮಾಡಿ ಕೊಡುತ್ತೆ, 64 ಬಿಟ್ ಯಂತ್ರದಲ್ಲಿ ಒಂದು ಕೋರಿಗೆ ಎಂಟರವರೆಗೆ, ನನ್ನ ಎರಡು ಕೋರಿಗೆ 16.

ಆ ಅನುಮಾನ ಸಾಬೀತು ಮಾಡೋ ದಾರಿ ಸುಲಭ ಇದೆ, ಇದನ್ನ ಮೊದಲ ದಿನವೇ ಮಾಡಿ. ಸಿಟೈಪ್ಸ್ (ಪೈಥಾನಿಂದ ಸಿ ಫಂಕ್ಷನ್ ಕರೆಯೋ ಮಾಡ್ಯೂಲ್) ಮೂಲಕ, ಖಾಲಿ ಮೆಮೊರಿನ ಕರ್ನಲ್ಲಿಗೆ ವಾಪಸ್ ಕೊಡೋ ಮ್ಯಾಲಕ್ ಟ್ರಿಮ್ ಫಂಕ್ಷನ್ನಿಗೆ ಸೊನ್ನೆ ಕೊಟ್ಟು ಕರೀರಿ, ನಾನು ಗುಟ್ಟಿನ ಯುಆರ್‌ಎಲ್ ಒಂದಕ್ಕೆ ಕಟ್ಟಿಟ್ಟಿದ್ದೆ. ಒತ್ತಿದೆ. 690 ಎಂಬಿ ಇದ್ದಿದ್ದು 150! ರಾತ್ರಿ ಒಂದೂವರೆಗೆ ಕುರ್ಚಿಯಿಂದ ಎದ್ದೇಬಿಟ್ಟೆ. ನಿಜವಾದ ಲೀಕ್ ಆಗಿದ್ರೆ ಇದು ಇಳೀತಾನೇ ಇರ್ಲಿಲ್ಲ.

ಕರ್ನಲ್ಲನ್ನ ಪಕ್ಕದ ಮನೆ, ಮೆಮೊರಿನ ಹಂಡೆ ಅಂದ್ಕೊಳ್ಳಿ: ಉಪನಯನಕ್ಕೆ ಅಂತ ಪಕ್ಕದ ಮನೆಯಿಂದ ಹಂಡೆ ತರ್ತೀವಿ. ಊಟ ಮುಗೀತು, ತೊಳೆದೂ ಆಯ್ತು, ವಾಪಸ್ ಕೊಡೋ ಬದಲು ಮುಂದಿನ ಸಲ ಬೇಕಾಗುತ್ತೆ ಅಂತ ನಮ್ಮ ಅಟ್ಟಕ್ಕೇ ಏರಿಸ್ತೀವಿ. ಎಂಟು ಥ್ರೆಡ್ಡಿಗೂ ಒಂದೊಂದು ಅಟ್ಟ. ಮ್ಯಾಲಕ್ ತಾನಾಗಿ ವಾಪಸ್ ಕೊಡೋದು ರಾಶಿಯ ತುದೀಲಿ ಇರೋದನ್ನ ಮಾತ್ರ, ಅಲ್ಲಿ ಯಾರೋ ಒಂದು ಲೋಟ ಇಟ್ಟಿದ್ರೆ ಅದರ ಕೆಳಗಿನ ಹಂಡೆಗಳೆಲ್ಲ ಅಲ್ಲೇ.

ಆದ್ರೂ ಒಂದು ಪ್ರಶ್ನೆ ಉಳೀತು. ದೊಡ್ಡ ತುಂಡಿಗೆ ಮ್ಯಾಲಕ್ ಎಮ್‌ಮ್ಯಾಪ್ (ಕರ್ನಲ್ಲಿಂದ ನೇರ ಪ್ರತ್ಯೇಕ ತುಂಡು ಪಡೆಯೋದು) ಬಳಸುತ್ತೆ, ಮಿತಿ 128 ಕೆಬಿ, ಅಂಥದ್ದು ಫ್ರೀ ಮಾಡಿದ ಕ್ಷಣ ನೇರ ಕರ್ನಲ್ಲಿಗೆ ಹೋಗಬೇಕು. ನನ್ನ ಚಿತ್ರಗಳು ಅಟ್ಟಕ್ಕೆ ಹೋಗಿದ್ದು ಹೇಗೆ? ಲೆಕ್ಕ ಹಾಕಿದೆ. 2480 ಗುಣಿಸು 3508 ಪಿಕ್ಸೆಲ್, ಪಿಲ್ಲೋ ಆರ್‌ಜಿಬಿ ಚಿತ್ರಕ್ಕೂ ಒಳಗೆ ಪಿಕ್ಸೆಲ್ಲಿಗೆ 4 ಬೈಟ್ ಇಡುತ್ತೆ, ಸುಮಾರು 35 ಎಂಬಿ. ಅದನ್ನ ಒಂದೇ ತುಂಡಾಗಿ ತಗೊಳ್ಳಲ್ಲ, 16 ಎಂಬಿ ಮೀರದ ಬ್ಲಾಕ್ ಮಾಡಿ ತಗೊಳ್ಳುತ್ತೆ, ಒಂದು ಪುಟಕ್ಕೆ ಮೂರು ಬ್ಲಾಕ್. ಆ 128 ಕೆಬಿ ಮಿತಿ ಇದೆಯಲ್ಲ, ಅದು ಅಲ್ಲಾಡದ ಗೆರೆ ಅಲ್ಲ. ಎಮ್‌ಮ್ಯಾಪ್ ಆದ ತುಂಡೊಂದು ಫ್ರೀ ಆದ ತಕ್ಷಣ ಗ್ಲಿಬ್‌ಸಿ ಆ ತುಂಡಿನ ಅಳತೆಗೇ ಮಿತಿಯನ್ನ ಏರಿಸಿಕೊಳ್ಳುತ್ತೆ, 32 ಎಂಬಿವರೆಗೆ. ಮೊದಲನೇ ಪುಟ ಮುಗೀತಿದ್ದ ಹಾಗೇ ಮಿತಿ 16 ಎಂಬಿಗೆ ಏರಿತು, ಆಮೇಲೆ ಬಂದ ಪುಟಗಳೆಲ್ಲ ಅರೀನಾಕ್ಕೆ. ಜೊತೆಗೆ ವಾಪಸ್ ಕೊಡೋ ಟ್ರಿಮ್ ಮಿತಿಯೂ ಅದರ ಎರಡರಷ್ಟಾಗುತ್ತೆ, ಅಂದ್ರೆ ತುದೀಲಿ 32 ಎಂಬಿ ಖಾಲಿ ಬಿದ್ದಿದ್ರೂ ಅದನ್ನ ಮುಟ್ಟಲ್ಲ. ಎಂಟು ಥ್ರೆಡ್ಡಿಗೆ ಇದೊಂದೇ ಬಾಬ್ತಲ್ಲಿ 256 ಎಂಬಿ ಆಗಬಹುದು. ಒಂದು ಜಿಬಿ ಪೆಟ್ಟಿಗೇಲಿ!

ಪರಿಹಾರ ಎರಡು ಎನ್ವಿರಾನ್‌ಮೆಂಟ್ ವೇರಿಯಬಲ್. ಅರೀನಾ ಮ್ಯಾಕ್ಸ್ 2, ಎಮ್‌ಮ್ಯಾಪ್ ಥ್ರೆಶೋಲ್ಡ್ 131072 (ಅದೇ 128 ಕೆಬಿ). ಎರಡನೇದನ್ನ ನಾವೇ ಕೊಟ್ಟುಬಿಟ್ರೆ ಮಿತಿ ತಾನಾಗಿ ಏರೋ ಆಟ ನಿಲ್ಲುತ್ತೆ. ಸಿಸ್ಟಮ್‌ಡಿ ಯೂನಿಟ್ಟಲ್ಲಿ (ಸರ್ವೀಸ್ ಶುರು ಮಾಡೋ ಫೈಲು) ಹಾಕಿ ರೀಸ್ಟಾರ್ಟ್ ಮಾಡಿದೆ, ಗ್ರಾಫಿನ ಏರು ಸ್ವಲ್ಪ ತಗ್ಗಿತು ಅಷ್ಟೇ, ಎರಡನೇ ದಿನ ಮತ್ತೆ ಸತ್ತಿತು. ಪ್ರಾಕ್ (ಓಡ್ತಿರೋ ಪ್ರೋಸೆಸ್ಸಿನ ವಿವರ ಇರೋ ಫೋಲ್ಡರ್) ಒಳಗೆ ನೋಡಿದ್ರೆ ಎರಡೂ ವೇರಿಯಬಲ್ ಸರಿಯಾಗೇ ಕೂತಿವೆ. ಮೂರು ರಾತ್ರಿ ಸಿದ್ಧಾಂತವೇ ತಪ್ಪು ಅಂದ್ಕೊಂಡು ಎಲ್ಲೆಲ್ಲೋ ಅಲೆದೆ. ಆಮೇಲೆ ಮ್ಯಾಲಕ್ ಸೆಟ್ಟಿಂಗುಗಳ ಕೈಪಿಡಿ ಪುಟ, ಮ್ಯಾಲಾಪ್ಟ್ ಮ್ಯಾನ್ ಪೇಜನ್ನ ನಿಧಾನವಾಗಿ ಓದಿದಾಗ ಕಂಡಿತು: ಅರೀನಾ ಮ್ಯಾಕ್ಸ್ ಹೆಸರಿನ ಕೊನೇಲಿ ಏನೂ ಇಲ್ಲ, ಎಮ್‌ಮ್ಯಾಪ್ ಥ್ರೆಶೋಲ್ಡ್ ಹೆಸರಿನ ಕೊನೇಲಿ ಮಾತ್ರ ಒಂದು ಅಂಡರ್‌ಸ್ಕೋರ್ ಇದೆ. ಹೆಸರು ತಪ್ಪಿದ್ರೆ ಎಚ್ಚರಿಕೆ ಇಲ್ಲ, ಲಾಗ್ ಇಲ್ಲ, ಏನೂ ಇಲ್ಲ. ಟ್ರಿಮ್ ಥ್ರೆಶೋಲ್ಡಿಗೂ ಟಾಪ್ ಪ್ಯಾಡಿಗೂ ಅಂಡರ್‌ಸ್ಕೋರ್ ಇದೆ, ದಯವಿಟ್ಟು ಎಲ್ಲಾದ್ರೂ ಬರೆದಿಟ್ಕೊಳ್ಳಿ.

ಆ ಒಂದು ಗೆರೆ ಸೇರಿಸಿದ್ದು ಹನ್ನೊಂದನೇ ರಾತ್ರಿ. ಅವತ್ತಿಂದ ಮೆಮೊರಿ 190 ಮತ್ತು 230 ಎಂಬಿ ನಡುವೆ ಆಡ್ತಿದೆ. ಪ್ರತೀ ಪುಟಕ್ಕೂ ಕರ್ನಲ್ ಹೊಸ ಮೆಮೊರಿ ಪೇಜು ಸೊನ್ನೆ ಮಾಡಿ ಕೊಡಬೇಕಾದ್ರಿಂದ ಒಂದು ಪುಟ ತೆರೆಯೋಕೆ 310 ಮಿಲಿಸೆಕೆಂಡ್ ಇದ್ದಿದ್ದು 340 ಆಗಿದೆ, ಖುಷಿಯಿಂದ ಕೊಡ್ತೀನಿ. ಗ್ಲಿಬ್‌ಸಿ ಮ್ಯಾಲಕ್ ಬದಲು ಜೆಮ್ಯಾಲಕ್ ಹಾಕಿದ್ರೆ ಮೊದಲ ದಿನವೇ ಮುಗೀತಿತ್ತಲ್ಲ ಅಂತ ಕೆಲವರು ಕೇಳ್ತೀರ, ಇರಬಹುದು, ಗುನಿಕಾರ್ನಿನ ಮ್ಯಾಕ್ಸ್ ರಿಕ್ವೆಸ್ಟ್ಸ್ ಹಾಕಿ ವರ್ಕರನ್ನ ಆಗಾಗ ಬದಲಿಸಿದ್ರೂ ನಡೀತಿತ್ತು. ಆದ್ರೆ ಕಾರಣ ಗೊತ್ತಿಲ್ಲದೇ ನಿಂತ ಸರ್ವರ್ ಮೇಲೆ ನನಗೆ ನಂಬಿಕೆ ಬರಲ್ಲ.

ಟೆಸ್ಟಿಗೆ ಅಂತ ಸಾವಿರಾರು ಪುಟ ಎಳೀತಾ ಎಳೀತಾ ಇನ್ನೊಂದು ಸಿಕ್ಕಿತು. ಅಜ್ಜ ಲೆಕ್ಕದ ಪಕ್ಕದ ಅಂಚಲ್ಲಿ ಮಳೆ ಬರೆದಿದಾರೆ! "ಆರಿದ್ರಾ ಹಿಡಿದಿದೆ", "ಪುನರ್ವಸು ಕೈಕೊಟ್ಟಿತು, ಬೋರ್ಡೋ ಎರಡನೇ ಸಲ" ಅಂತ, ವರ್ಷಗಟ್ಟಲೆ (ಬೋರ್ಡೋ ಅಂದ್ರೆ ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಔಷಧಿ). ಹಾಗಾಗಿ ಮುಂದಿನ ಪ್ರಾಜೆಕ್ಟ್ ಮಳೆಮಾಪಕ, ತೂಗುಬಟ್ಟಲಿನದ್ದು, ಒಂದು ಸಲ ಮಗುಚಿದ್ರೆ 0.2 ಮಿಮೀ, ಇಎಸ್‌ಪಿ32 ಅನ್ನೋ ಪುಟ್ಟ ವೈಫೈ ಬೋರ್ಡಿಗೆ ಜೋಡಿಸಿ ನಮ್ಮನೆ ಅಂಗಳದಲ್ಲಿ, ಮತ್ತೆ ಮಳೆ ನಕ್ಷತ್ರದ ಹದಿಮೂರು ಹದಿನಾಲ್ಕು ದಿನದ ಲೆಕ್ಕದಲ್ಲೇ ಗ್ರಾಫ್, ತಿಂಗಳ ಲೆಕ್ಕ ಬೇಡ. ಬಟ್ಟಲಿನ ರೀಡ್ ಸ್ವಿಚ್ (ಅಯಸ್ಕಾಂತದಿಂದ ಕೆಲಸ ಮಾಡೋ ಸ್ವಿಚ್) ಆರ್ಡರ್ ಮಾಡಿ ಮೂರು ವಾರ ಆಯ್ತು, ಅಂಗಡಿಯೋರು ಕಳಿಸಿದ್ದು ಪುಶ್ ಬಟನ್, ವಾಪಸ್ ತಗೊಳ್ಳೋಕೆ ಕೊರಿಯರ್ ಖರ್ಚು ನಂದೇ ಅಂತೆ.

ಇವತ್ತು ಬೆಳಿಗ್ಗೆ ಗುಟ್ಟಿನ ಟ್ರಿಮ್ ಯುಆರ್‌ಎಲ್ ಒತ್ತಿ ನೋಡಿದೆ. 212 ಎಂಬಿ ಇದ್ದಿದ್ದು 204. ಇನ್ನು ಅದನ್ನ ಕೋಡಿಂದ ತೆಗೀತೀನಿ, ಸಂಜೆ ಉಳಿದ ಎರಡು ಪುಸ್ತಕ ಅಪ್‌ಲೋಡ್ ಮಾಡಿ ಚಿಕ್ಕಪ್ಪಂಗೆ ಫೋನ್ ಮಾಡ್ತೀನಿ.